ಕೆವಿನ್ ಓದಿ ಮುಗಿಸ್ದೆ. ಮಗನ ಮೇಲೇ ಭಯ ಬೀಳೋ ಅಪ್ಪ ಅಮ್ಮಂದಿರ ಕಾದಂಬರಿ ಇನ್ಯಾವ್ದಿದೆ?

ಭಾನುವಾರದ_ಓದು:

ಎಲ್ಲರಿಗೂ ನಮಸ್ಕಾರ. ಲಯೊನೆಲ್ ಶ್ರೈವರ್ ಅವರ 'ವಿ ನೀಡ್ ಟು ಟಾಕ್ ಅಬೌಟ್ ಕೆವಿನ್' ನಿನ್ನೆ ಮುಗೀತು. 2003 ರ ಪುಸ್ತಕ, ಟಿಲ್ಡಾ ಸ್ವಿಂಟನ್ ನಟಿಸಿರೋ ಸಿನಿಮಾ ಮೊದ್ಲೇ ನೋಡಿದ್ದೆ ಹಾಗಾಗಿ ಕೊನೆಗೆ ಏನಾಗತ್ತೆ ಅಂತ ಗೊತ್ತಿತ್ತು, ಆದ್ರೂ ಪುಸ್ತಕದ ಮುಂದೆ ಸಿನಿಮಾ ಏನೇನೂ ಅಲ್ಲ ಬಿಡಿ. ಗೊತ್ತಿಲ್ಲದೋರಿಗೆ ಒಂದೇ ಮಾತಲ್ಲಿ ಹೇಳ್ಬೇಕಂದ್ರೆ, ಸ್ಕೂಲಲ್ಲಿ ಜೊತೆ ಓದೋ ಹುಡುಗರನ್ನ ಕ್ರಾಸ್‌ಬೋ (ಕುದುರೆ ಒತ್ತಿ ಬಾಣ ಬಿಡೋ ಥರದ ಬಿಲ್ಲು) ಹಿಡಿದು ಕೊಂದು ಒಳಗಿರೋ ಹುಡುಗನ ಅಮ್ಮ ಈವಾ, ಗಂಡನಿಗೆ ಪತ್ರ ಬರೀತಾ ಬರೀತಾ ಹುಟ್ಟಿದಾಗಿಂದ ಏನೇನಾಯ್ತು ಅಂತ ಬಿಚ್ಚಿಡ್ತಾಳೆ.

ನನ್ನ ತಲೇಲಿ ಕೂತಿರೋದು ಕೊಲೆ ಸೀನ್ ಅಲ್ಲ, ಮ್ಯಾಪ್ ಸೀನ್. ಈವಾ ಟ್ರಾವೆಲ್ ಗೈಡ್ ಪುಸ್ತಕ ಮಾಡೋಳು, ಹೊಸ ಮನೇಲಿ ತನಗೆ ಅಂತ ಒಂದು ರೂಮ್ ಇಟ್ಕೊಂಡು ಗೋಡೆ ತುಂಬಾ ಊರೂರಿನ ಮ್ಯಾಪ್ ಅಂಟಿಸ್ತಾಳೆ, ಪುಟ್ಟ ಹುಡುಗ ಕೆವಿನ್ ನೀರಿನ ಪಿಸ್ತೂಲಿಗೆ ಇಂಕ್ ತುಂಬ್ಕೊಂಡು ಅಷ್ಟಕ್ಕೂ ಚಿಮುಕಿಸಿ ಹಾಳು ಮಾಡ್ತಾನೆ. ಗಂಡನಿಗೆ ತೋರಿಸಿದ್ರೆ ಮಗು ನಿನಗೆ ಸಹಾಯ ಮಾಡೋಕೆ ಹೋಗಿದೆ ಅನ್ನೋ ಧಾಟಿ. ಅಲ್ಲಿಂದ ಮುಂದಕ್ಕೆ ಪ್ರತಿ ಸಲ ಹೀಗೇ, ಅವಳಿಗೆ ಒಂದು ಕಾಣತ್ತೆ ಅವನಿಗೆ ಇನ್ನೊಂದು, ನಾವು ಓದೋರು ಮಧ್ಯ ಸಿಕ್ಕಾಕೊಂಡಿರ್ತೀವಿ.

ನನಗೆ ಬೇಕಾಗಿರೋದು ಈ ಥರದ್ದು. ದೆವ್ವ ಹಿಡಿದ ಮಗು, ಕಣ್ಣು ಕೆಂಪಗೆ ಮಾಡ್ಕೊಂಡು ಗೋಡೆ ಹತ್ತೋದು ಬೇಡ. ಹಡೆದೋರಿಗೇ ಗೊತ್ತಾಗ್ತಿಲ್ಲ, ಇವನು ಮಾಡಿರಬಹುದಾ ಮಾಡಿರಲ್ವಾ, ಅಂಥದ್ದು. ಇಂಗ್ಲಿಷ್ ಆದ್ರೂ ಸರಿ, ನಮ್ಮ ಭಾಷೆಗಳಲ್ಲಿದ್ರೆ ಇನ್ನೂ ಸಂತೋಷ. ಜೊತೆಗೆ ಒಂದು ಪ್ರಶ್ನೆ, ನೀವು ಈವಾ ಹೇಳಿದ್ದನ್ನ ಪೂರ್ತಿ ನಂಬಿದ್ರಾ?


ರಾತ್ರಿಪಾಳಿ:

ಒಳ್ಳೆ ಥ್ರೆಡ್. ಈವಾನ ನಾನು ಮುಕ್ಕಾಲು ನಂಬಿದೆ. ಯಾಕಂದ್ರೆ ಅವಳು ತನ್ನ ಮಾನ ಉಳಿಸ್ಕೊಳೋಕೆ ಬರೀತಿಲ್ಲ. ಆರು ವರ್ಷದ ಹುಡುಗನ್ನ ಎತ್ತಿ ಎಸೆದು ಕೈ ಮುರಿದಿದ್ದನ್ನ ಅವಳೇ ಬರೀತಾಳಲ್ಲ, ಹುಡುಗ ಅಪ್ಪನ ಹತ್ರ ನಾನೇ ಬಿದ್ದೆ ಅಂತ ಸುಳ್ಳು ಹೇಳಿ ಅವಳನ್ನ ಕಾಪಾಡ್ತಾನೆ, ಆಮೇಲೆ ಆ ಸುಳ್ಳನ್ನೇ ಅಡ ಇಟ್ಕೊಂಡು ಆಟ ಆಡಿಸ್ತಾನೆ. ತನ್ನ ಮೇಲೇ ಕೇಸ್ ಹಾಕೊಳೋ ಸಾಕ್ಷಿ ಬೇರೆ ವಿಷಯದಲ್ಲಿ ಪೂರ್ತಿ ಸುಳ್ಳು ಹೇಳ್ತಾಳೆ ಅಂತ ನನಗನ್ಸಲ್ಲ.

ನಿಮಗೆ ನೆಕ್ಸ್ಟ್ 'ಡಿಫೆಂಡಿಂಗ್ ಜೇಕಬ್', ವಿಲಿಯಂ ಲ್ಯಾಂಡೆ, 2012. ಬರೆದವರು ಹಿಂದೆ ಪ್ರಾಸಿಕ್ಯೂಟರ್ ಆಗಿದ್ದೋರು ಹಾಗಾಗಿ ಕೋರ್ಟ್ ಭಾಗ ಎಲ್ಲೂ ಸಿನಿಮಾ ಥರ ಇಲ್ಲ. ಬಾಸ್ಟನ್ ಪಕ್ಕ ನ್ಯೂಟನ್ ಅನ್ನೋ ಊರು, ಅಲ್ಲಿ ಆಂಡಿ ಬಾರ್ಬರ್ ಸರ್ಕಾರಿ ವಕೀಲ, ಪಾರ್ಕಲ್ಲಿ ಒಬ್ಬ ಸ್ಕೂಲ್ ಹುಡುಗನ್ನ ಯಾರೋ ಚುಚ್ಚಿ ಕೊಂದಿರ್ತಾರೆ, ಕೇಸ್ ಮೊದಲು ಇವನ ಕೈಗೇ ಬರತ್ತೆ, ಸ್ವಲ್ಪ ದಿನಕ್ಕೆ ಇವನ ಹದಿನಾಲ್ಕು ವರ್ಷದ ಮಗನೇ ಆರೋಪಿ. ಅಪ್ಪ ಮಗನ ರೂಮಲ್ಲಿ ಒಂದು ಚಾಕು ಸಿಕ್ಕಿದ ತಕ್ಷಣ ಏನು ಮಾಡ್ತಾನೆ ಅಂತ ನೋಡಿ, ಇಡೀ ಪುಸ್ತಕ ಅಲ್ಲಿದೆ. ಯೋಚನೆನೇ ಮಾಡಲ್ಲ ಆಸಾಮಿ, ಇಲ್ಲದಂಗೆ ಮಾಡ್ತಾನೆ. ಇಪ್ಪತ್ತು ವರ್ಷ ಬೇರೆಯವರ ಮಕ್ಕಳನ್ನ ಜೈಲಿಗೆ ಹಾಕ್ಸಿದ ಮನುಷ್ಯ.

ಇನ್ನೊಂದು ಮಜಾ ಏನಂದ್ರೆ ಆಂಡಿಯ ಅಪ್ಪ ಕೊಲೆ ಮಾಡಿ ಜೈಲಲ್ಲಿರೋನು, ಅದನ್ನ ಹೆಂಡ್ತಿಗೂ ಹೇಳದೆ ಸಂಸಾರ ಮಾಡಿರ್ತಾನೆ. ರಕ್ತದಲ್ಲೇ ಬಂದಿದ್ಯಾ ಅನ್ನೋ ವಾದ ಕೋರ್ಟಿಗೂ ಬರತ್ತೆ ಮನೆಯೊಳಕ್ಕೂ ಬರತ್ತೆ. ಆಂಡಿ ಕೊನೆವರೆಗೂ ನನ್ನ ಮಗ ಅಲ್ಲ ಅಂತಾನೇ, ಹೆಂಡ್ತಿ ಲಾರಿ ಮಾತ್ರ ದಿನಾ ದಿನಾ ಸೊರಗ್ತಾ ಹೋಗ್ತಾಳೆ. ಪುಸ್ತಕದ ಉದ್ದಕ್ಕೂ ಮಧ್ಯ ಮಧ್ಯ ಆಂಡಿಗೆ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸ್ಬೇಕಾ ಅಂತ ತೀರ್ಮಾನಿಸೋ ಸಾಮಾನ್ಯ ಜನರ ಗುಂಪು) ಮುಂದೆ ಪ್ರಶ್ನೆ ಕೇಳೋ ಭಾಗ ಬರತ್ತಲ್ಲ, ಅದು ಯಾವ ಕೇಸಿನ ವಿಚಾರಣೆ ಅಂತ ಗೊತ್ತಾಗೋದು ಕೊನೇಲಿ. ಹೇಳಲ್ಲ. 2020 ರಲ್ಲಿ ಕ್ರಿಸ್ ಇವಾನ್ಸ್ ಇಟ್ಕೊಂಡು ಸೀರಿಯಲ್ ಮಾಡಿದ್ರು, ಅದರಲ್ಲಿ ಕೊನೆ ಮೆತ್ತಗೆ ಮಾಡಿಬಿಟ್ಟಿದ್ದಾರೆ, ದಯವಿಟ್ಟು ಪುಸ್ತಕಾನೇ ಓದಿ.


ತುಳಸಿಕಟ್ಟೆ:

ರಾತ್ರಿಪಾಳಿ ಅವ್ರೇ ಕೊನೆ ಮೆತ್ತಗೆ ಮಾಡೋದು ಹಳೇ ಚಾಳಿ. ವಿಲಿಯಂ ಮಾರ್ಚ್ 1954 ರಲ್ಲಿ 'ದಿ ಬ್ಯಾಡ್ ಸೀಡ್' ಬರೆದ್ರು, ಎಂಟು ವರ್ಷದ ಜಡೆ ಹಾಕ್ಕೊಂಡ ಮುದ್ದಾದ ಹುಡುಗಿ ರೋಡಾ, ಕೈಬರಹದ ಪದಕ ತನಗೆ ಬರಲಿಲ್ಲ ಅಂತ, ಅದು ಸಿಕ್ಕ ಹುಡುಗನ್ನೇ ಮುಗಿಸ್ತಾಳೆ. ಕಾದಂಬರೀಲಿ ಅಮ್ಮ ಸತ್ತು ಮಗಳು ಆರಾಮಾಗಿ ಉಳೀತಾಳೆ, ಅಪ್ಪನಿಗೆ ಏನೇನೂ ಗೊತ್ತಿಲ್ಲ. 1956 ರಲ್ಲಿ ಸಿನಿಮಾ ಮಾಡುವಾಗ ಹಾಲಿವುಡ್ ನಿಯಮದ ಪ್ರಕಾರ ತಪ್ಪು ಮಾಡಿದೋರಿಗೆ ಶಿಕ್ಷೆ ಆಗ್ಲೇಬೇಕಲ್ಲ, ಅಮ್ಮನ್ನ ಬದುಕಿಸಿ ಹುಡುಗಿಗೆ ಸಿಡಿಲು ಹೊಡೆಸಿದ್ರು. ನಿಜವಾಗ್ಲೂ ಸಿಡಿಲು. ನಮ್ಮ ಪೌರಾಣಿಕ ಸಿನಿಮಾದವರೂ ನಾಚ್ಕೋಬೇಕು.


ಐಂಡ್‌ಹೋವನ್_ಗೌಡ:

ನಾನಿರೋದು ನೆದರ್ಲ್ಯಾಂಡ್ಸಲ್ಲಿ ಹಾಗಾಗಿ ಇಲ್ಲಿದೇ ಒಂದು. ಹೆರ್ಮನ್ ಕೋಖ್ 'ದಿ ಡಿನ್ನರ್', ಡಚ್ಚಲ್ಲಿ 2009 ರಲ್ಲಿ ಬಂತು. ಆಮ್‌ಸ್ಟರ್ಡ್ಯಾಮಿನ ಒಂದು ದುಬಾರಿ ರೆಸ್ಟೋರೆಂಟು, ಅಣ್ಣ ತಮ್ಮ ಇಬ್ರು, ಇಬ್ಬರ ಹೆಂಡ್ತೀರು, ಅಷ್ಟೇ. ಅಣ್ಣ ಪ್ರಧಾನಿ ಆಗೋಕೆ ಹೊರಟಿರೋ ರಾಜಕಾರಣಿ, ತಮ್ಮ ಪೌಲ್ ಕಥೆ ಹೇಳೋನು. ಶುರುವಲ್ಲಿ ಪೌಲ್ ಜೊತೆ ನಾವು ನಗ್ತಿರ್ತೀವಿ, ತಟ್ಟೆ ಇಷ್ಟು ದೊಡ್ಡದು ಊಟ ಇಷ್ಟು ಚಿಕ್ಕದು, ಬಡಿಸೋನು ಪ್ರತಿ ಪದಾರ್ಥದ ಮೇಲೆ ಕಿರುಬೆರಳು ಚಾಚಿ ಇದು ಎಲ್ಲಿಂದ ಬಂತು ಅಂತ ಭಾಷಣ ಮಾಡ್ತಾನೆ ಅಂತೆಲ್ಲಾ. ಮೇನ್ ಕೋರ್ಸ್ ಬರೋ ಹೊತ್ತಿಗೆ ನಗು ನಿಂತಿರತ್ತೆ.

ಇಬ್ಬರ ಮಕ್ಕಳೂ ಸೇರಿ ಎಟಿಎಂ ಒಳಗೆ ಮಲಗಿದ್ದ ಮನೆ ಇಲ್ಲದ ಹೆಂಗಸೊಬ್ಬಳ ಮೇಲೆ ಕೈಗೆ ಸಿಕ್ಕಿದ್ದು ಎಸೆದು ಬೆಂಕಿ ಹಚ್ಚಿರ್ತಾರೆ. ಸಿಸಿಟಿವಿ ಫೂಟೇಜ್ ಟಿವೀಲಿ ಬರತ್ತೆ, ಮುಖ ಸರಿಯಾಗಿ ಕಾಣಲ್ಲ, ಇಡೀ ದೇಶ ನೋಡತ್ತೆ ಯಾರಿಗೂ ಗುರುತು ಸಿಗಲ್ಲ. ಪೌಲ್‌ಗೆ ಸಿಗತ್ತೆ. ಹೆತ್ತವರಿಗೆ ಮುಖ ಯಾಕೆ ಬೇಕು ಹೇಳಿ, ಮಗ ನಿಲ್ಲೋ ರೀತಿ, ಭುಜ ಅಲ್ಲಾಡೋ ರೀತಿ ನೋಡಿದ್ರೆ ಸಾಕು. ಆ ಕ್ಷಣದಲ್ಲಿ ಟಿವಿ ಮುಂದೆ ಕೂತ ಅಪ್ಪ ಬಾಯಿ ಮುಚ್ಕೊಂಡು ಕೂರ್ತಾನಲ್ಲ, ಅದೇ ನನಗೆ ಈ ಜಾತಿ ಪುಸ್ತಕಗಳಲ್ಲೆಲ್ಲಾ ಭಯಂಕರ ಸೀನ್. 2005 ರಲ್ಲಿ ಬಾರ್ಸಿಲೋನಾದಲ್ಲಿ ಹೀಗೇ ನಿಜವಾಗಿ ನಡೆದಿತ್ತು, ಕೋಖ್‌ಗೆ ಕಥೆ ಹುಟ್ಟಿದ್ದು ಅಲ್ಲಿಂದ.

ಭಾನುವಾರದವರು ಕೇಳಿದ ಹಾಗೆ ಮಾಡಿದ್ನಾ ಇಲ್ವಾ ಅನ್ನೋ ಸಸ್ಪೆನ್ಸ್ ಇದರಲ್ಲಿಲ್ಲ. ಮಾಡಿದ್ದಾನೆ. ಈಗ ಟೇಬಲ್ ಸುತ್ತ ಕೂತಿರೋ ನಾಲ್ಕು ಜನ ಏನು ಮಾಡ್ತಾರೆ ಅನ್ನೋದಷ್ಟೇ. ಪೊಲೀಸಿಗೆ ಹೇಳೋಣ ಅನ್ನೋ ಒಬ್ಬನೇ ಒಬ್ಬ ಯಾರು ಅಂತ ಗೊತ್ತಾದ್ರೆ ಆಶ್ಚರ್ಯ ಆಗತ್ತೆ, ಅವನನ್ನ ತಡೆಯೋಕೆ ಒಬ್ಬ ಅಮ್ಮ ಎಷ್ಟು ದೂರ ಹೋಗ್ತಾಳೆ ಅನ್ನೋದು ಇನ್ನೂ ಆಶ್ಚರ್ಯ. ಕೆವಿನ್ ಥರ ಅಮ್ಮನಿಗೆ ಕಂಡಿದ್ದು ಅಪ್ಪನಿಗೆ ಕಾಣಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ಇಲ್ಲಿ ಎಲ್ಲರಿಗೂ ಎಲ್ಲಾ ಕಂಡಿದೆ.


ಕರಿಕೋಟು:

ಗೌಡ್ರೇ, ಅದನ್ನ ಓದೋಕೆ ಹಾಲೆಂಡಿಗೆ ಹೋಗ್ಬೇಕಾಗಿಲ್ಲ. 2024 ರ ಪುಣೆ ಪೋರ್ಷೆ ಕೇಸ್ ನೆನಪಿದ್ಯಲ್ಲ, ಹದಿನೇಳರ ಹುಡುಗ ಓಡಿಸ್ತಿದ್ದ ಕಾರು ಗುದ್ದಿ ಇಬ್ಬರು ಇಂಜಿನಿಯರ್‌ಗಳು ಸತ್ರು, ಮೊದಲು 300 ಪದದ ಪ್ರಬಂಧ ಬರಿ ಅಂತ ಜಾಮೀನು ಕೊಟ್ಟು ಗಲಾಟೆ ಆಯ್ತು, ಆಮೇಲೆ ಹುಡುಗನ ರಕ್ತದ ಸ್ಯಾಂಪಲ್ ಬದಲಾಯಿಸಿದ ಆರೋಪದ ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಹಿಡಿದ್ರು. ಅದು ಆಕ್ಸಿಡೆಂಟ್ ಕೇಸು, ಕೊಲೆ ಮಾಡೋ ಮನಸ್ಸಿನ ಪ್ರಶ್ನೆ ಅಲ್ಲ, ಒಪ್ತೀನಿ. ಆದ್ರೆ ಮನೆಯೊಳಗೆ ಆ ರಾತ್ರಿ ಯಾರು ಯಾರಿಗೆ ಫೋನ್ ಮಾಡಿದ್ರು ಅನ್ನೋದು ಕಾದಂಬರಿಗೆ ಬೇಕಾದ ಮಾಲು.

ಇನ್ನೊಂದು. ಕೆವಿನ್ 16 ತುಂಬೋಕೆ ಮೂರು ದಿನ ಇರುವಾಗ ಮಾಡ್ತಾನೆ, ಲೆಕ್ಕ ಹಾಕಿನೇ ಮಾಡಿದ್ದು ಅಂತ ಓದೋರಿಗೆ ಅನ್ಸತ್ತೆ. ನಮ್ಮಲ್ಲೂ ಗೆರೆ ಅದೇ 16. ಜುವೆನೈಲ್ ಜಸ್ಟಿಸ್ ಆ್ಯಕ್ಟ್ 2015 ಪ್ರಕಾರ 16 ದಾಟಿ 18 ಆಗದಿರೋ ಹುಡುಗ ಘೋರ ಅಪರಾಧ ಮಾಡಿದ ಆರೋಪ ಇದ್ರೆ, ಅಪ್ರಾಪ್ತರ ಕೇಸ್ ನೋಡೋ ಜುವೆನೈಲ್ ಜಸ್ಟಿಸ್ ಬೋರ್ಡ್ ಮೊದಲು ಒಂದು ಪ್ರಾಥಮಿಕ ಪರಿಶೀಲನೆ ಮಾಡ್ಬೇಕು. ಇವನಿಗೆ ಅದನ್ನ ಮಾಡೋ ದೇಹಬಲ ಮನೋಬಲ ಇತ್ತಾ, ಪರಿಣಾಮ ಅರ್ಥ ಆಗ್ತಿತ್ತಾ, ಯಾವ ಪರಿಸ್ಥಿತೀಲಿ ಮಾಡ್ದ ಅಂತ. ಒಬ್ರು ಮ್ಯಾಜಿಸ್ಟ್ರೇಟು, ಇಬ್ರು ಸಮಾಜ ಕಾರ್ಯಕರ್ತರು ಕೂತಿರ್ತಾರೆ, ಬೇಕಾದ್ರೆ ಸೈಕಾಲಜಿಸ್ಟ್ ಸಹಾಯ ತಗೋತಾರೆ. ಅದಾದ್ಮೇಲೆ ದೊಡ್ಡೋರ ಥರ ವಿಚಾರಣೆ ಮಾಡ್ಬೇಕೋ ಬೇಡ್ವೋ ತೀರ್ಮಾನ. ಆ ಹೊತ್ತಲ್ಲಿ ಹೊರಗಡೆ ಬೆಂಚ್ ಮೇಲೆ ಕೂತಿರ್ತಾರಲ್ಲ ಅಪ್ಪ ಅಮ್ಮ, ಅವರಿಗೆ ಏನು ಬೇಕು ಹೇಳಿ? ಮಗ ಬುದ್ಧಿವಂತ ಅಂತ ಬಂದ್ರೆ ಕಷ್ಟ, ದಡ್ಡ ಅಂತ ಬಂದ್ರೆ ಬಚಾವ್. ಹದಿನಾರು ವರ್ಷ ನನ್ನ ಮಗ ಚುರುಕು ಚುರುಕು ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದೋರು.


ಎರಡು_ಮಕ್ಕಳ_ತಾಯಿ:

ಸ್ವಲ್ಪ ಖಾರವಾಗೇ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಈ ಪುಸ್ತಕಗಳಲ್ಲಿ ಅರ್ಧ ನನಗೆ ಆಗಲ್ಲ. 'ಬೇಬಿ ಟೀತ್' ಶುರು ಮಾಡಿ ಅರ್ಧಕ್ಕೆ ಬಿಟ್ಟೆ, ಏಳು ವರ್ಷದ ಹುಡುಗಿ ಅಮ್ಮನ್ನ ಸಾಯಿಸೋಕೆ ಪ್ಲಾನ್ ಮಾಡೋದು, ಅವಳ ತಲೆಯೊಳಗೇ ಹೋಗಿ ಬರೆದಿದ್ದಾರೆ, ಥ್ರಿಲ್ಲರ್ ಆಗಿ ಓಡತ್ತೆ ಅಷ್ಟೇ. ನನ್ನ ದೊಡ್ಡ ಮಗನಿಗೆ ಎಡಿಎಚ್‌ಡಿ ಇದೆ, ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ ಜಾಸ್ತಿ ಇರೋ ತೊಂದರೆ. ಚಿಕ್ಕೋನಿದ್ದಾಗ ಕೋಪ ಬಂದ್ರೆ ಕಚ್ಚೋನು. ಒಂದು ಬರ್ತ್‌ಡೇ ಪಾರ್ಟೀಲಿ ಹೀಗಾದಾಗ ನೆಂಟರೊಬ್ರು ನನ್ನ ಕೈಯಲ್ಲಿ ಕೇಕ್ ಪ್ಲೇಟ್ ಇರುವಾಗ್ಲೇ ಹೇಳಿದ್ರು, ಹುಡುಗರು ಹುಟ್ತಾ ಹೀಗಿರಲ್ಲಮ್ಮ, ಮನೇಲಿ ಕಲಿಯೋದು ಅಂತ. ನನ್ನ ಗಂಡನ ಕಡೆ ಯಾರೂ ತಿರುಗೂ ನೋಡ್ಲಿಲ್ಲ. ಈಗ ಅವನಿಗೆ ಹದಿಮೂರು, ನಾಯಿ ಮರಿಗೆ ಕಾಲಿಗೆ ಮುಳ್ಳು ಚುಚ್ಚಿದ್ರೆ ಅಳ್ತಾನೆ. ಸಿಟ್ಟು ಮಾಡೋ ಮಗು ಎಲ್ಲಾ ಕೆವಿನ್ ಆಗಲ್ಲ, ಇದನ್ನ ಯಾವ ಪುಸ್ತಕದ ಬೆನ್ನಲ್ಲೂ ಬರೆಯಲ್ಲ ಯಾಕಂದ್ರೆ ಹಾಗೆ ಬರೆದ್ರೆ ಮಾರಾಟ ಆಗಲ್ಲ.

ಹಾಗಾಗಿ ನಾನು ಈವಾನ ನಂಬಲ್ಲ. ರಾತ್ರಿಪಾಳಿ ಅವರು ಸಾಕ್ಷಿ ಅಂದ್ರು. ಆದ್ರೆ ಕೊಲೆ ಆದ್ಮೇಲೆ ಹಿಂದಕ್ಕೆ ತಿರುಗಿ ನೋಡಿದ್ರೆ ಮಗು ಹಾಲು ಕುಡಿಯದೆ ಮುಖ ತಿರುಗಿಸಿದ್ದೂ ಸಾಕ್ಷಿನೇ ಆಗತ್ತೆ ರೀ. ತೊಟ್ಟಿಲಲ್ಲಿರೋ ಕೂಸಿಗೆ ಬೇಕಂತಲೇ ಅತ್ತ ಅಂತ ಉದ್ದೇಶ ಹಚ್ಚೋಳು ಅವಳು. ಹುಡುಗನಿಗೆ ಜ್ವರ ಬಂದಾಗ ಅವಳ ಮಡಿಲಿಗೆ ಅಂಟ್ಕೊಂಡು ರಾಬಿನ್ ಹುಡ್ ಕಥೆ ಓದಿಸ್ಕೊಳೋ ಭಾಗ ಇದೆಯಲ್ಲ, ಅದನ್ನೂ ಅವಳೇ ಬರೆದಿದ್ದಾಳೆ. ಹಾಗಾದ್ರೆ ಮಿಕ್ಕ ದಿನ ಆ ಹುಡುಗ ಎಲ್ಲಿದ್ದ? ಶ್ರೈವರ್ ಇದಕ್ಕೆ ಉತ್ತರ ಕೊಡಲ್ಲ, ಪುಸ್ತಕ ದೊಡ್ಡದಾಗಿರೋದು ಅಲ್ಲೇ, ಅಷ್ಟು ಮಾತ್ರ ಒಪ್ತೀನಿ.

ನನ್ನ ಓಟು ಡೋರಿಸ್ ಲೆಸ್ಸಿಂಗ್ ಅವರ 'ದಿ ಫಿಫ್ತ್ ಚೈಲ್ಡ್'ಗೆ. 1988. ಸಣ್ಣ ಪುಸ್ತಕ, ಒಂದು ಸಂಜೆಗೆ ಆಗತ್ತೆ. ಇಂಗ್ಲೆಂಡಲ್ಲಿ ಹ್ಯಾರಿಯೆಟ್ ಡೇವಿಡ್ ಅಂತ ಗಂಡ ಹೆಂಡ್ತಿ, ಕಾಲ ಎಷ್ಟೇ ಬದಲಾಗ್ಲಿ ನಮಗೆ ಮನೆ ತುಂಬಾ ಮಕ್ಕಳು ಬೇಕು ಅಂತ ದೊಡ್ಡ ಮನೆ ತಗೋತಾರೆ, ಕ್ರಿಸ್ಮಸ್ಸಿಗೆ ಈಸ್ಟರಿಗೆ ನೆಂಟರೆಲ್ಲಾ ಬಂದು ವಾರಗಟ್ಟಲೆ ಇರ್ತಾರೆ, ಥೇಟ್ ನಮ್ಮ ಬೇಸಿಗೆ ರಜದ ಅಜ್ಜಿ ಮನೆ. ಐದನೇದು ಬೆನ್ ಹುಟ್ತಾನೆ. ಬಲ ಜಾಸ್ತಿ, ನೋಟ ಬೇರೆ, ಮನೇಲಿದ್ದ ನಾಯಿ ಸಾಯತ್ತೆ. ಒಬ್ಬೊಬ್ಬರೇ ಬರೋದು ನಿಲ್ಲಿಸ್ತಾರೆ. ಕೊನೆಗೆ ಎಲ್ಲಾ ಸೇರಿ ಮಗುನ ದೂರದ ಒಂದು ಸಂಸ್ಥೆಗೆ ಕಳಿಸ್ತಾರೆ, ಯಾರೂ ಬಾಯಿಬಿಟ್ಟು ಹೇಳಲ್ಲ ಆದ್ರೆ ಅಲ್ಲಿಗೆ ಹೋದ ಮಕ್ಕಳು ವಾಪಸ್ ಬರಲ್ಲ ಅಂತ ಎಲ್ಲರಿಗೂ ಗೊತ್ತು. ಹ್ಯಾರಿಯೆಟ್ ಒಬ್ಬಳೇ ಕಾರ್ ತಗೊಂಡು ಹೋಗಿ ನೋಡ್ತಾಳೆ. ಮಗು ಔಷಧಿ ಹೊಡೆತಕ್ಕೆ ಪ್ರಜ್ಞೆ ಇಲ್ಲದೆ, ಮೈ ಕಟ್ಟಿಹಾಕೋ ಅಂಗೀಲಿ ನೆಲದ ಮೇಲೆ, ನಾಲಿಗೆ ಹೊರಗೆ ಬಿದ್ದು. ಎತ್ಕೊಂಡು ಮನೆಗೆ ಬರ್ತಾಳೆ. ಅಲ್ಲಿಂದ ಮುಂದೆ ಮನೆಯೋರೆಲ್ಲರಿಗೂ ಅಪರಾಧಿ ಅವಳೇ. ಮಿಕ್ಕ ನಾಲ್ಕು ಮಕ್ಕಳು ಒಂದೊಂದು ಕಡೆ ಚದುರಿ ಹೋಗ್ತಾರೆ, ಅದೂ ಅವಳ ತಲೆಗೆ. ಅವಳು ಮಾಡಿದ್ದು ಸರಿನಾ ತಪ್ಪಾ ಅಂತ ನಾನು ಇವತ್ತಿಗೂ ಗಂಡನ ಜೊತೆ ಜಗಳ ಆಡ್ತೀನಿ.

ಕಾದಂಬರಿ ಅಲ್ಲ ಆದ್ರೂ ಸೂ ಕ್ಲೆಬೋಲ್ಡ್ ಬರೆದ 'ಎ ಮದರ್ಸ್ ರೆಕನಿಂಗ್' ಸೇರಿಸ್ತೀನಿ. 1999 ರ ಏಪ್ರಿಲಲ್ಲಿ ಕೊಲಂಬೈನ್ ಸ್ಕೂಲಲ್ಲಿ ಗುಂಡು ಹಾರಿಸಿದ ಇಬ್ಬರಲ್ಲಿ ಒಬ್ಬನ ಅಮ್ಮ. 2016 ರಲ್ಲಿ ಬರೆದ್ರು. ಮಗ ಇಂಥದ್ದು ಮಾಡ್ತಾನೆ ಅನ್ನೋ ಸುಳಿವು ಆಕೆಗೆ ಮುಂಚೆ ಕಂಡಿರಲಿಲ್ಲ, ಇಂಕ್ ಪಿಸ್ತೂಲೂ ಇಲ್ಲ, ನಾಯಿ ಸಾವೂ ಇಲ್ಲ. ಸ್ವಲ್ಪ ದಿನದ ಮುಂಚೆ ಮಗನ ಜೊತೆ ಹೋಗಿ ಅವನು ಸೇರೋ ಕಾಲೇಜು ನೋಡ್ಕೊಂಡು ಬಂದಿದ್ರು. ಕಾದಂಬರಿಕಾರರು ಕೊಡೋ ಸೂಚನೆಗಳು ನಿಜ ಜೀವನದಲ್ಲಿ ಯಾರೂ ಕೊಡಲ್ಲ.


ಹುಬ್ಬಳ್ಳಿ_ಧಾರವಾಡ_ಪ್ಯಾಸೆಂಜರ್:

ಏನ್ರೀ ಎಲ್ಲಾರೂ ಅಮೆರಿಕ, ಹಾಲೆಂಡ್ ಅಂತ ಹೊಂಟೀರಿ, ನಮ್ಮ ಮನ್ಯಾಗಿನ ಕಥಿ ಯಾರೂ ಎತ್ತವಲ್ರಿ. ದುರ್ಯೋಧನ ಹುಟ್ಟಿದಾಗ ಏನಾತು ನೆನಪ ಮಾಡ್ಕೋರಿ, ಆದಿಪರ್ವದಾಗ ಅದ. ಧೃತರಾಷ್ಟ್ರ ಮಂದಿ ಕರಸಿ ಕೇಳಿದ್ದ ಮೊದಲನೇ ಮಾತ ಏನಂದ್ರ, ಯುಧಿಷ್ಠಿರ ದೊಡ್ಡಾಂವ ಅದಾನ ಖರೆ, ಅವನ ನಂತರ ನನ್ನ ಮಗಾ ರಾಜಾ ಆಗ್ತಾನೇನು ಅಂತ. ಕೇಳಿ ಮುಗಸೂದ್ರಾಗ ಸುತ್ತೂ ಕಡೆ ನರಿ ಒದರಾಕ ಹತ್ತಿದ್ವು. ವಿದುರ ಸ್ಪಷ್ಟ ಹೇಳಿದಾ, ಕುಲ ಉಳಸಬೇಕಂದ್ರ ಇದೊಂದು ಕೂಸು ಬಿಟ್ಟಬಿಡು, ನಿನಗ ಇನ್ನ ತೊಂಬತ್ತೊಂಬತ್ತು ಅದಾವ. ಅಪ್ಪ ಬಿಡಲಿಲ್ಲ. ಈಗ ಹೇಳ್ರಿ, ಬಿಡಬೇಕಿತ್ತೇನು? ಹುಟ್ಟಿ ಒಂದು ತಾಸು ಆಗಿರಲಾರದ ಕೂಸು! ಹ್ಯಾರಿಯೆಟ್ ಮಾಡಿದ್ದ ಸರಿ ಅನ್ನೂದಾದ್ರ ಧೃತರಾಷ್ಟ್ರ ಮಾಡಿದ್ದೂ ಸರಿನ.

ಮುಂದ ಜೂಜಾಟ ಆದಮ್ಯಾಲ ಗಾಂಧಾರಿ ಗಂಡನ ಮುಂದ ಬಂದು ಅದ ನರಿ ಒದರಿದ್ದ ನೆನಪ ಮಾಡಿ ಕೊಟ್ಟು ಇನ್ನರ ಇವನನ್ನ ಬಿಡು ಅಂತಾಳ. ಗಂಡ ಏನಂದಾ? ಕುಲ ಹಾಳಾದ್ರ ಆಗಲಿ, ನನ್ನ ಕಡಿಂದ ತಡ್ಯಾಕ ಆಗೂದಿಲ್ಲ. ಯುದ್ಧಕ್ಕ ಹೊಂಟ ಮಗಾ ಆಶೀರ್ವಾದ ಕೇಳಿದ್ರ ಆಕಿ ಗೆಲುವಾಗಲಿ ಅಂತ ಬಾಯಿಲೆ ಅನ್ನಲಿಲ್ಲ, ಧರ್ಮ ಎಲ್ಲೋ ಜಯ ಅಲ್ಲೆ ಅಂದ್ಲು, ದಿನಾ ಕೇಳಿದ್ರೂ ಅದ. ಹಿಂಗಾಗಿ ಅವ್ವಗ ಕಾಣಸ್ತದ ಅಪ್ಪಗ ಕಾಣಸೂದಿಲ್ಲ ಅನ್ನೂದು ಕೆವಿನ್ ಕಾಲದ್ದಲ್ರಿ. ಮತ್ತ ಕಣ್ಣಿಗೆ ಬಟ್ಟಿ ಕಟಗೊಂಡಾಕಿ ಯಾರಂತ ನೋಡ್ರಿ.

ಇನ್ನೊಂದ, ಮಹಾಶ್ವೇತಾ ದೇವಿಯವರ 'ಹಜಾರ್ ಚುರಾಶೀರ್ ಮಾ', ಬಂಗಾಲಿಯೊಳಗ ಎಪ್ಪತ್ತರ ದಶಕದ್ದು. ನಕ್ಸಲ್ ಆಗಿ ಕೊಲಿ ಆದ ಮಗಾ, ಶವಾಗಾರದಾಗ ಅವನ ನಂಬರ್ 1084. ಇಲ್ಲೆ ಅವ್ವಗ ಮಗನ ಮ್ಯಾಲ ಸಂಶಯ ಇಲ್ಲ, ಆದ್ರ ನನ್ನ ಮಗಾ ಯಾರಿದ್ದಾ ಅನ್ನೂದ ಆಕಿಗೆ ಅಂವಾ ಸತ್ತಮ್ಯಾಲ ತಿಳೀತದ, ಊರಾಗ ಅಡ್ಡಾಡಿ ಅವನ ಗೆಳ್ಯಾರ ಮನಿ ಹೊಕ್ಕು ಕೇಳಿ ತಿಳಕೋತಾಳ. ಅಪ್ಪಗ ಮಾತ್ರ ಪೇಪರದಾಗ ಹೆಸರ ಬರಬಾರದು, ಅಷ್ಟ ಚಿಂತಿ. ದಿ ಡಿನ್ನರ್ ಮಂದಿಗೂ ಇವರಿಗೂ ಏನರ ಫರಕ್ ಅದ ಏನ್ರಿ?


ರಾತ್ರಿಪಾಳಿ:

ಪ್ಯಾಸೆಂಜರ್ ಸರ್ ಆ ಗಾಂಧಾರಿ ಪಾಯಿಂಟಿಗೆ ಒಂದು ಕಾಫಿ ನನ್ನ ಲೆಕ್ಕ. ಎರಡು ಮಕ್ಕಳ ತಾಯಿ ಮೇಡಂ, ಕೊಲೆ ಆದ್ಮೇಲೆ ಹಿಂದಕ್ಕೆ ನೋಡಿದ್ರೆ ಎಲ್ಲಾ ಸಾಕ್ಷಿ ಅನ್ನೋದು ಒಪ್ಪಿದೆ. ಆದ್ರೆ ಕೆವಿನ್ ತಂಗಿ ಸೀಲಿಯಾ ಕಣ್ಣು ಹೋದ ವಿಷಯ? ಅದು ಈವಾ ಕಲ್ಪನೆ ಅಲ್ವಲ್ಲ.


ಎರಡು_ಮಕ್ಕಳ_ತಾಯಿ:

ಕಣ್ಣು ಹೋಗಿದ್ದು ನಿಜ. ಕೆವಿನ್ ಕೈಯಿಂದ ಹೋಯ್ತು ಅಂತ ಯಾರು ನೋಡಿದ್ರು? ಡ್ರೈನ್ ಕ್ಲೀನರ್ ಬಾಟಲ್ ಎತ್ತಿಟ್ಟಿದ್ದೆ ಅಂತ ಅವಳಿಗೆ ಅನ್ಸಿದ್ದು, ಅಷ್ಟೇ ಆಧಾರ. ಆ್ಯಶ್ಲಿ ಆಡ್ರೇನ್ ಅವರ 'ದಿ ಪುಶ್' (2021) ಓದಿ, ಅದೂ ಮಾಜಿ ಗಂಡನಿಗೆ ಅಂತಲೇ ಬರೆದ ಕಥೆ, ತಳ್ಳುಗಾಡೀಲಿದ್ದ ತಮ್ಮನ್ನ ಅಕ್ಕ ರಸ್ತೆಗೆ ತಳ್ಳಿದ್ಲಾ ಇಲ್ವಾ ಅಂತ ಅಮ್ಮನ ಕಣ್ಣೊಂದೇ ಸಾಕ್ಷಿ. ಭಾಷೆ ಶ್ರೈವರ್ ಮಟ್ಟಕ್ಕಿಲ್ಲ, ಕೊನೇ ಸಾಲು ಸ್ವಲ್ಪ ಗಿಮಿಕ್ಕು, ಆದ್ರೆ ಬಾಣಂತನದ ಸುಸ್ತು ಅಷ್ಟು ಸರಿಯಾಗಿ ಯಾರೂ ಬರೆದಿಲ್ಲ.


ಭಾನುವಾರದ_ಓದು:

ಅಬ್ಬಾ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಕರಿಕೋಟು ಸರ್ ನೀವು ಆ ಬೆಂಚಿನ ಕಥೆ ಬರೀರಿ ದಯವಿಟ್ಟು, ನಿಮಗೆ ಒಳಗಿನ ಪದ್ಧತಿ ಎಲ್ಲಾ ಗೊತ್ತಿದೆ. ನಾನು ಲೆಸ್ಸಿಂಗ್ ಮೊದಲು ತಗೋತೀನಿ ಸಣ್ಣದಿದೆ ಅಂತ, ಆಮೇಲೆ ದಿ ಡಿನ್ನರ್. ಜೇಕಬ್ ಓದೋವರೆಗೂ ಯಾರೂ ಕೊನೆ ಹೇಳ್ಬೇಡಿ.


ಕರಿಕೋಟು:

ಬರೆದ್ರೆ ನಮ್ಮ ಕಕ್ಷಿದಾರರು ನನ್ನ ಮೇಲೇ ಕೇಸ್ ಹಾಕ್ತಾರೆ ಕಣ್ರೀ. ಅಪ್ರಾಪ್ತರ ಗುರುತು ಸಿಗೋ ಥರ ಏನೂ ಪ್ರಕಟ ಮಾಡಂಗಿಲ್ಲ, ಅದೇ ಆ್ಯಕ್ಟಿನ 74ನೇ ಸೆಕ್ಷನ್.


ತುಳಸಿಕಟ್ಟೆ:

ಲೆಸ್ಸಿಂಗ್ ಇಷ್ಟ ಆದ್ರೆ ಮುಂದುವರಿದ ಭಾಗಾನೂ ಇದೆ, 'ಬೆನ್, ಇನ್ ದಿ ವರ್ಲ್ಡ್', 2000 ದ್ದು. ಅದರಲ್ಲಿ ಬೆನ್ ದೊಡ್ಡೋನಾಗಿದ್ದಾನೆ, ಮೊದಲ ಸಲ ಅವನ ಕಡೆಯಿಂದ ಲೋಕ ಕಾಣತ್ತೆ. ಎರಡೂ ಬೆನ್ನಿಗೆ ಬೆನ್ನು ಓದಿ, ಹ್ಯಾರಿಯೆಟ್ ಬಗ್ಗೆ ಆಮೇಲೆ ಮಾತಾಡೋಣ.